ಮೈದಾನಕ್ಕೆಲ್ಲ ಕೇಳಿದ ದನಿ: ರಗ್ಬಿ ರೆಫ್ರಿ ನೈಜೆಲ್ ಓವೆನ್ಸ್

2025ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ, ಮುಂಬಯಿಯ ಅಂಧೇರಿ ಕ್ರೀಡಾ ಸಂಕುಲದಲ್ಲಿ ರಗ್ಬಿ ಪ್ರೀಮಿಯರ್ ಲೀಗಿನ ಮೊದಲ ಆವೃತ್ತಿ ನಡೆಯಿತು. ಆರು ತಂಡಗಳು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ನಮ್ಮ ಊರಿನ ಹೆಸರಿನದೂ ಒಂದು, ಮುಂಬೈ ಡ್ರೀಮರ್ಸ್ ಇನ್ನೊಂದು. ಕಪ್ ಮಾತ್ರ ಚೆನ್ನೈ ಬುಲ್ಸ್ ಪಾಲಾಯಿತು.

ರಗ್ಬಿಯನ್ನು ಟಿವಿಯಲ್ಲಿ ಹೊಸದಾಗಿ ನೋಡುವವರಿಗೆ ನಿಯಮ ತಲೆಗೆ ಹತ್ತುವ ಮೊದಲೇ ಒಂದು ವಿಷಯ ಕಿವಿಗೆ ಬೀಳುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರೆಫ್ರಿಯ ಅಂಗಿಗೆ ಸಣ್ಣ ಮೈಕ್ ಸಿಕ್ಕಿಸಿರುತ್ತಾರೆ. ಅವರು ಆಟಗಾರರನ್ನು ಗದರಿಸುವುದು, ತಪ್ಪು ಏನೆಂದು ಬಿಡಿಸಿ ಹೇಳುವುದು, ನಾಯಕನನ್ನು ಪಕ್ಕಕ್ಕೆ ಕರೆದು ಎಚ್ಚರಿಸುವುದು ಎಲ್ಲವೂ ಮನೆಯಲ್ಲಿ ಕೂತವರಿಗೂ ಕೇಳುತ್ತದೆ. ಮುಚ್ಚಿಟ್ಟುಕೊಂಡು ಮಾಡುವ ಕೆಲಸ ಇದಲ್ಲ. ಈ ಮೈಕಿನಿಂದಲೇ ಜಗತ್ತಿಗೆ ಪರಿಚಿತರಾದವರು ವೇಲ್ಸ್ ದೇಶದ ನೈಜೆಲ್ ಓವೆನ್ಸ್. ನೂರು ಟೆಸ್ಟ್ (ದೇಶ-ದೇಶಗಳ ನಡುವಿನ) ಪಂದ್ಯಗಳನ್ನು ನಡೆಸಿದ ಮೊದಲ ರೆಫ್ರಿ, ವಿಶ್ವಕಪ್ ಫೈನಲ್ ನಡೆಸಿದವರು, ವೃತ್ತಿಯ ಉತ್ತುಂಗಕ್ಕೆ ಏರುತ್ತಿದ್ದಾಗಲೇ ತಾವು ಗೇ ಎಂದು ಪತ್ರಿಕೆಯಲ್ಲಿ ಹೇಳಿಕೊಂಡವರು.

ರಗ್ಬಿ ಮುಂಬಯಿಗೆ ಹೊಸದೇನಲ್ಲ. ಆಜಾದ್ ಮೈದಾನದ ಅಂಚಿನಲ್ಲಿರುವ ಬಾಂಬೆ ಜಿಮ್‌ಖಾನಾ 1875ರದು. 1933ರಲ್ಲಿ ಭಾರತ ನೆಲದ ಮೊದಲ ಕ್ರಿಕೆಟ್ ಟೆಸ್ಟ್ ನಡೆದ ಆ ಹುಲ್ಲಿನ ಮೇಲೆಯೇ ಮಳೆಗಾಲದಲ್ಲಿ ರಗ್ಬಿ ಆಡುತ್ತಾರೆ. ಕೋಟೆ ಪ್ರದೇಶದ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಈ ಜಾಗ ಚೆನ್ನಾಗಿ ಗೊತ್ತು, ಬೇಲಿಯ ಹೊರಗಿನಿಂದ. ಬೇಲಿಯಾಚೆ ಫ್ಯಾಶನ್ ಸ್ಟ್ರೀಟಿನ ಬಟ್ಟೆ ಅಂಗಡಿಗಳ ಸಾಲು. ಅಲ್ಲಿಂದ ಇಣುಕುತ್ತಿದ್ದ ಬೀದಿಯ ಹುಡುಗರನ್ನು ಒಳಗೆ ಕರೆದು ಚೆಂಡು ಕೊಟ್ಟವರು ಇಲ್ಲೇ ಆಡುತ್ತಿದ್ದ, ಭಾರತ ತಂಡಕ್ಕೂ ಆಡಿದ ಮ್ಯಾಥ್ಯೂ ಸ್ಪೇಸಿ. ಅದರಿಂದ 1999ರಲ್ಲಿ ಹುಟ್ಟಿದ್ದು ‘ಮ್ಯಾಜಿಕ್ ಬಸ್’ ಸಂಸ್ಥೆ. ನಟ ರಾಹುಲ್ ಬೋಸ್ 1998ರಲ್ಲಿ ಭಾರತ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ ತಂಡದಲ್ಲಿದ್ದರು. ಈಚಿನ ವರ್ಷಗಳಲ್ಲಿ ದೇಶದ ರಗ್ಬಿ ಒಕ್ಕೂಟದ ಅಧ್ಯಕ್ಷರೂ ಆದರು.

ಆಟ ಮಾತ್ರ ಒರಟು. ಹದಿನೈದು ಜನರ ತಂಡ, ಮೈಮೇಲೆ ರಕ್ಷಾಕವಚವಿಲ್ಲ, ಓಡುವವನನ್ನು ಹಿಡಿದು ನೆಲಕ್ಕೆ ಕೆಡವಬೇಕು. ಕಬಡ್ಡಿಯಲ್ಲಿ ರೈಡರ್‌ನನ್ನು ಮಧ್ಯದ ಗೆರೆ ಮುಟ್ಟದಂತೆ ಏಳು ಜನ ಅಮುಕಿ ಹಿಡಿಯುತ್ತಾರಲ್ಲ, ಅದನ್ನು ಎಂಬತ್ತು ನಿಮಿಷ, ಫುಟ್‌ಬಾಲ್ ಮೈದಾನದಷ್ಟು ಅಗಲದಲ್ಲಿ ಮಾಡಿದರೆ ಹೇಗೋ ಹಾಗೆ. ಹೀಗಾಗಿ ರಗ್ಬಿಗೆ ‘ಗಂಡಸರ ಆಟ’ ಎಂಬ ಹಣೆಪಟ್ಟಿ ಬಹುಕಾಲದಿಂದ ಅಂಟಿದೆ. ಲಾಕರ್ ಕೋಣೆಯ ತಮಾಷೆ, ಬಿಯರಿನ ಮುಂದಿನ ಹಾಡು, ಎದುರಾಳಿಯನ್ನು ಕೆಣಕುವ ಬೈಗುಳ ಎಲ್ಲದರಲ್ಲೂ ಗೇ ಎಂಬುದು ಹೀಯಾಳಿಕೆಯ ಮಾತಾಗಿ ಬಳಕೆಯಲ್ಲಿತ್ತು. ಓವೆನ್ಸ್ ಬೆಳೆದದ್ದು ಇಂಥ ಗಾಳಿಯಲ್ಲೇ.

ನೈಜೆಲ್ ಓವೆನ್ಸ್ ಹುಟ್ಟಿದ್ದು 1971ರ ಜೂನ್ 18ರಂದು, ನೈಋತ್ಯ ವೇಲ್ಸಿನ ಕಾರ್ಮಾರ್ದನ್‌ಶೈರಿನ ಮನಿದ್‌ಕೆರಿಗ್ ಎಂಬ ಪುಟ್ಟ ಹಳ್ಳಿಯಲ್ಲಿ. ಮನೆಮಾತು ವೆಲ್ಷ್. ಅಪ್ಪ ಅಮ್ಮನಿಗೆ ಒಬ್ಬನೇ ಮಗ. ಭಾನುವಾರ ಪ್ರಾರ್ಥನಾ ಮಂದಿರ, ಉಳಿದ ದಿನ ಹೊಲ, ದನ, ಶಾಲೆ. ಹುಡುಗ ಮಾತಿನ ಮಲ್ಲ. ಹದಿಹರೆಯದಲ್ಲೇ ಊರ ಕ್ಲಬ್ಬುಗಳ ವೇದಿಕೆ ಹತ್ತಿ ಜನರನ್ನು ನಗಿಸುತ್ತಿದ್ದ. ಆಟದಲ್ಲಿ ಮಾತ್ರ ಹೇಳಿಕೊಳ್ಳುವಂಥ ಕೈಚಳಕವಿರಲಿಲ್ಲ.

ರೆಫ್ರಿಯಾದ ಕತೆಯನ್ನು ಅವರು ಹೇಳುವ ಬಗೆಯಲ್ಲೇ ಆ ವೇದಿಕೆಯ ಹುಡುಗ ಕಾಣುತ್ತಾನೆ. ಶಾಲಾ ತಂಡ ಗೆಲ್ಲಲು ಕೊನೆಯಲ್ಲಿ ಒಂದು ಕಿಕ್ ಸಾಕಿತ್ತು. ಗೋಲು ಕಂಬಗಳ ನೇರಕ್ಕೇ ನಿಂತು ಒದೆಯುವ, ಯಾರೂ ತಪ್ಪದಂಥ ಕಿಕ್ ಅದು. ನೈಜೆಲ್ ತಾನೇ ಮುಂದೆ ಬಂದು ಒದ್ದ. ಚೆಂಡು ಎತ್ತಲೋ ಹೋಯಿತು. ಕ್ರೀಡಾ ಶಿಕ್ಷಕರು ಬೇಸತ್ತು, ನೀನು ಹೋಗಿ ರೆಫ್ರಿಗಿಫ್ರಿ ಆಗಬಾರದೇನಪ್ಪ ಎಂಬರ್ಥದ ಮಾತಾಡಿದರು. ಹುಡುಗ ಅದನ್ನು ನಿಜವಾಗಿ ತೆಗೆದುಕೊಂಡ. 1987ರಲ್ಲಿ, ಹದಿನಾರನೇ ವಯಸ್ಸಿಗೆ, ಬಾಯಲ್ಲಿ ಸೀಟಿ ಹಿಡಿದು ಮೈದಾನಕ್ಕಿಳಿದ.

ಮರುವರ್ಷ, 1988ರಲ್ಲಿ, ಬ್ರಿಟನ್ನಿನ ಸಂಸತ್ತು ‘ಸೆಕ್ಷನ್ 28’ ಎಂಬ ಕಾನೂನು ತಂದಿತು. ಸಲಿಂಗ ಸಂಬಂಧವನ್ನು ಸ್ಥಳೀಯ ಸಂಸ್ಥೆಗಳು ಉತ್ತೇಜಿಸಕೂಡದು, ಅದೂ ಒಂದು ಬಗೆಯ ಕುಟುಂಬ ಎಂಬಂತೆ ಅವುಗಳ ಶಾಲೆಗಳಲ್ಲಿ ಕಲಿಸಕೂಡದು ಎಂಬುದು ಅದರ ಸಾರ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವಯಸ್ಕ ಗಂಡಸರ ಖಾಸಗಿ ಸಂಬಂಧ 1967ರಲ್ಲೇ ಅಪರಾಧದ ಪಟ್ಟಿಯಿಂದ ಹೊರಬಿದ್ದಿದ್ದರೂ ಶಾಲೆಯಲ್ಲಿ ಅದರ ಬಗ್ಗೆ ಬಾಯಿಬಿಡಲು ಮೇಷ್ಟ್ರುಗಳು ಹೆದರುವ ಸ್ಥಿತಿ ಬಂತು. 2003ರವರೆಗೂ ವೇಲ್ಸಿನಲ್ಲಿ ಆ ಕಾನೂನಿತ್ತು. ಹತ್ತೊಂಬತ್ತು ದಾಟುವಾಗ ತನಗೆ ಹುಡುಗಿಯರತ್ತ ಮನಸ್ಸು ಹರಿಯುತ್ತಿಲ್ಲ ಎಂದು ಅರಿವಾದ ಹಳ್ಳಿ ಹುಡುಗನಿಗೆ ಕೇಳಲು ಯಾರೂ ಇರಲಿಲ್ಲ.

ಮುಂದಿನ ವರ್ಷಗಳನ್ನು ಓವೆನ್ಸ್ ತಮ್ಮ ಆತ್ಮಕತೆಯಲ್ಲಿ, ಬಿಬಿಸಿಯ ಸಂದರ್ಶನಗಳಲ್ಲಿ ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ಮೈ ದಪ್ಪವಾಯಿತೆಂದು ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಕಾಯಿಲೆ ಅಂಟಿತು. ತೂಕ ಇಳಿದ ಮೇಲೆ ಜಿಮ್‌ನಲ್ಲಿ ಮೈ ಕಟ್ಟಲು ಸ್ಟೆರಾಯ್ಡ್ ಹಿಡಿದರು, ಅದು ಖಿನ್ನತೆಯನ್ನು ಇನ್ನಷ್ಟು ಹೆಚ್ಚಿಸಿತು. ಔಷಧಿ ಕೊಟ್ಟು ತನ್ನೊಳಗಿನ ಕಾಮವನ್ನೇ ಅಳಿಸಿಬಿಡಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿದ್ದೂ ಉಂಟು. ಇಪ್ಪತ್ತರ ಮಧ್ಯಭಾಗದಲ್ಲಿ ಒಂದು ರಾತ್ರಿ ತಂದೆತಾಯಿಗೆ ಚೀಟಿ ಬರೆದಿಟ್ಟು ಊರ ಗುಡ್ಡ ಹತ್ತಿದರು. ಸಾಯಲೆಂದೇ ಹೋದವರನ್ನು ಪೊಲೀಸ್ ಹೆಲಿಕಾಪ್ಟರ್ ಹುಡುಕಿ ಆಸ್ಪತ್ರೆಗೆ ಮುಟ್ಟಿಸಿತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

ಆಸ್ಪತ್ರೆಯ ಮಂಚದ ಪಕ್ಕ ಅಮ್ಮ ಆಡಿದ ಮಾತನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಇನ್ನೊಮ್ಮೆ ಹೀಗೆ ಮಾಡುವುದಿದ್ದರೆ ನನ್ನನ್ನೂ ನಿನ್ನಪ್ಪನನ್ನೂ ಜೊತೆಗೇ ಕರೆದುಕೊಂಡು ಹೋಗು, ನೀನಿಲ್ಲದೆ ನಮಗೆ ಬದುಕಿ ಆಗಬೇಕಾದ್ದೇನಿದೆ ಎಂದರಂತೆ ಆ ತಾಯಿ. ಅಂದೇ ಎಲ್ಲ ನೆಟ್ಟಗಾಯಿತು ಎಂದಲ್ಲ. ಬುಲಿಮಿಯಾ ಆಮೇಲೂ ಆಗಾಗ ಮರುಕಳಿಸುತ್ತಿತ್ತು, 2017ರಲ್ಲಿ ಬಿಬಿಸಿ ಅದರ ಮೇಲೊಂದು ಸಾಕ್ಷ್ಯಚಿತ್ರವನ್ನೇ ಮಾಡಿತು. (ನಮ್ಮಲ್ಲಿ ಇಂಥ ಕತ್ತಲಲ್ಲಿ ಸಿಕ್ಕಿಕೊಂಡವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕನ್ನಡದಲ್ಲೂ ಮಾತಾಡಬಹುದು.)

ಇಷ್ಟರ ನಡುವೆಯೂ ಶನಿವಾರದ ಸೀಟಿ ನಿಲ್ಲಲಿಲ್ಲ ಎಂಬುದೇ ಸೋಜಿಗ. ಶಾಲೆಯೊಂದರಲ್ಲಿ ತಂತ್ರಜ್ಞನ ಕೆಲಸ ಮಾಡುತ್ತ, ಹಳ್ಳಿ ತಂಡಗಳ ಪಂದ್ಯಗಳಿಂದ ಒಂದೊಂದೇ ಮೆಟ್ಟಿಲು ಹತ್ತಿ 2001ರಲ್ಲಿ ಸಂಬಳದ ರೆಫ್ರಿಯಾದರು. 2003ರಲ್ಲಿ ಪೋರ್ಚುಗಲ್–ಜಾರ್ಜಿಯಾ ನಡುವಿನ ಪಂದ್ಯ, ಅವರ ಮೊದಲ ಟೆಸ್ಟ್. ರೆಫ್ರಿಗೆ ಸೆಕೆಂಡಿನೊಳಗೆ ತೀರ್ಮಾನ ತೆಗೆದುಕೊಳ್ಳುವ ಮನಸ್ಥಿತಿ ಬೇಕು. ಒಳಗೊಂದು ಹೊರಗೊಂದು ಬದುಕುತ್ತ ಆ ಏಕಾಗ್ರತೆ ಉಳಿಸಿಕೊಳ್ಳಲು ಆಗುತ್ತಿಲ್ಲ ಎಂದು ಅವರಿಗೆ ಖಚಿತವಾಗಿತ್ತು. ಮೊದಲು ಅಮ್ಮನಿಗೆ, ಆಮೇಲೆ ಹತ್ತಿರದವರಿಗೆ ಹೇಳಿದರು. 2007ರಲ್ಲಿ ವೇಲ್ಸಿನ ಭಾನುವಾರದ ಪತ್ರಿಕೆಯೊಂದರ ಮೂಲಕ ಎಲ್ಲರಿಗೂ ಹೇಳಿದರು.

ಕೆಲಸ ಹೋಗಬಹುದು ಎಂಬ ಭಯ ಅವರಿಗಿತ್ತು. ವೆಲ್ಷ್ ರಗ್ಬಿ ಯೂನಿಯನ್ ಬೆನ್ನಿಗೆ ನಿಂತಿತು. ಅದೇ ವರ್ಷ ಫ್ರಾನ್ಸಿನಲ್ಲಿ ನಡೆದ ವಿಶ್ವಕಪ್ಪಿಗೆ ವೇಲ್ಸಿನಿಂದ ಆಯ್ಕೆಯಾದ ಏಕೈಕ ರೆಫ್ರಿ ಅವರೇ. 2008, 2009ರಲ್ಲಿ ಸತತ ಎರಡು ಬಾರಿ ಯುರೋಪಿನ ಹೈನೆಕೆನ್ ಕಪ್ ಫೈನಲ್ ಅವರ ಕೈಗೆ ಬಂತು. ಓವೆನ್ಸ್ ಕತೆಯನ್ನು ಸಾಮಾನ್ಯವಾಗಿ ಒಬ್ಬನ ಧೈರ್ಯದ ಕತೆಯಾಗಿ ಬರೆಯುತ್ತಾರೆ. ಧೈರ್ಯ ಇದ್ದದ್ದು ನಿಜ. ಆದರೆ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೂ ಅವರ ಹೆಸರು ರೆಫ್ರಿಗಳ ಪಟ್ಟಿಯಲ್ಲಿತ್ತು ಎನ್ನುವುದು ಅದಕ್ಕಿಂತ ದೊಡ್ಡ ಸಂಗತಿ. ಒಬ್ಬ ಹೇಳಿಕೊಂಡು ಹಗುರಾಗುವುದು ಅವನ ಕೈಯಲ್ಲಿದೆ, ಆಮೇಲೂ ಅವನಿಗೆ ಕೆಲಸ ಕೊಡುವುದು ಇತರರ ಕೈಯಲ್ಲಿ. 2009ರ ಡಿಸೆಂಬರಿನಲ್ಲಿ ವೇಲ್ಸಿನ ಮಾಜಿ ನಾಯಕ, ದೇಶಕ್ಕಾಗಿ ನೂರು ಪಂದ್ಯ ಆಡಿದ ಗ್ಯಾರೆತ್ ಥಾಮಸ್ ತಾವೂ ಗೇ ಎಂದು ಹೇಳಿದಾಗ, ಆ ದಾರಿಯಲ್ಲಿ ಆಗಲೇ ಒಬ್ಬರು ನಡೆದು ಹೋಗಿದ್ದರು.

ಇನ್ನು ಆ ಮೈಕಿನ ವಿಷಯ. ರಗ್ಬಿಯಲ್ಲಿ ರೆಫ್ರಿಯನ್ನು ‘ಸರ್’ ಎನ್ನುವುದು ವಾಡಿಕೆ. ತೀರ್ಪಿನ ಬಗ್ಗೆ ಕೇಳುವ ಹಕ್ಕು ನಾಯಕನಿಗೆ ಮಾತ್ರ. ಉಳಿದವರು ಬಾಯಿ ಹಾಕಿದರೆ ಪೆನಾಲ್ಟಿ ಬೀಳಬಹುದು. ಫುಟ್‌ಬಾಲಿನಲ್ಲಿ ಹತ್ತು ಜನ ರೆಫ್ರಿಯನ್ನು ಸುತ್ತುವರಿದು ಕೂಗಾಡುವುದನ್ನು ಕಂಡವರಿಗೆ ಈ ಶಿಸ್ತು ವಿಚಿತ್ರ ಎನಿಸೀತು. ಓವೆನ್ಸ್ ಈ ಶಿಸ್ತನ್ನು ನಗೆಯಿಂದ ಕಾಯ್ದರು. ವಾದಕ್ಕೆ ಬಂದ ಇಟಲಿಯ ಕ್ಲಬ್ಬೊಂದರ ಆಟಗಾರನಿಗೆ, ನಾವಿಬ್ಬರೂ ಮೊದಲು ಭೇಟಿಯಾದಂತಿಲ್ಲ, ಇಲ್ಲಿ ರೆಫ್ರಿ ನಾನು, ನೀನಲ್ಲ, ಮತ್ತೆ ಇದು ಸಾಕರ್ ಅಲ್ಲ ಎಂದು ತಣ್ಣಗೆ ಹೇಳಿ ಕಳಿಸಿದರು. 2015ರ ವಿಶ್ವಕಪ್ಪಿನಲ್ಲಿ ನ್ಯೂಕ್ಯಾಸಲ್ಲಿನ ಫುಟ್‌ಬಾಲ್ ಮೈದಾನದಲ್ಲಿ ಸ್ಕಾಟ್ಲೆಂಡ್–ದಕ್ಷಿಣ ಆಫ್ರಿಕಾ ಪಂದ್ಯ. ಸ್ಕಾಟ್ಲೆಂಡಿನ ಸ್ಟುವರ್ಟ್ ಹಾಗ್ ತಾಗಿದ್ದಕ್ಕಿಂತ ಜೋರಾಗಿ ಬಿದ್ದರು. ಹೀಗೆ ಬೀಳುವ ಆಸೆಯಿದ್ದರೆ ಎರಡು ವಾರ ಬಿಟ್ಟು ಇದೇ ಮೈದಾನಕ್ಕೆ ಬಂದು ಆಡು ಎಂದರು ಓವೆನ್ಸ್. ಆಗ ಅಲ್ಲಿ ಫುಟ್‌ಬಾಲ್ ಇರುತ್ತದೆ ಎಂಬುದು ಮಾತಿನ ಮೊನೆ.

ಇನ್ನೊಂದು ಪಂದ್ಯ. ಲೈನ್‌ಔಟ್‌ನಲ್ಲಿ ಚೆಂಡನ್ನು ಎರಡು ಸಾಲಿನ ನಡುವೆ ನೆಟ್ಟಗೆ ಎಸೆಯಬೇಕು. ಆಟಗಾರ ಸೊಟ್ಟಗೆ ಎಸೆದ. ಓವೆನ್ಸ್ ಸೀಟಿ ಊದಿ, ಇದಕ್ಕಿಂತ ನಾನೇ ‘ಸ್ಟ್ರೇಟ್’ ಎಂದುಬಿಟ್ಟರು. ಆಟಗಾರರೂ ನಕ್ಕರು, ಟಿವಿ ಮುಂದಿನವರೂ ನಕ್ಕರು. ವರ್ಷಗಟ್ಟಲೆ ಗೇ ಎಂಬುದನ್ನು ನಗೆಪಾಟಲು ಮಾಡಿಕೊಂಡು ಬಂದ ಆಟದಲ್ಲಿ ಆ ನಗೆಯ ಚುಕ್ಕಾಣಿ ಈಗ ಗೇ ಮನುಷ್ಯನ ಕೈಗೆ ಬಂದಿತ್ತು.

ಎಲ್ಲರೂ ನಗಲಿಲ್ಲ. 2014ರ ನವೆಂಬರ್ 8ರಂದು ಲಂಡನ್ನಿನ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್–ನ್ಯೂಜಿಲೆಂಡ್ ಪಂದ್ಯ ನಡೆಯುವಾಗ ಪ್ರೇಕ್ಷಕರ ಸಾಲಿನಿಂದ ಅವರ ಮೇಲೆ ಅಸಹ್ಯ ಬೈಗುಳ ಸುರಿಯಿತು. ಮೈದಾನದ ಗದ್ದಲದಲ್ಲಿ ಅವರಿಗೆ ಅದು ಕೇಳಿಸಿರಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಪ್ರೇಕ್ಷಕರೊಬ್ಬರು ಹೇಸಿಕೊಂಡು ‘ಗಾರ್ಡಿಯನ್’ ಪತ್ರಿಕೆಗೆ ಪತ್ರ ಬರೆದರು. ಇಂಗ್ಲೆಂಡಿನ ರಗ್ಬಿ ಒಕ್ಕೂಟ ತನಿಖೆ ಮಾಡಿ ಇಬ್ಬರಿಗೆ ಎರಡು ವರ್ಷ ಕ್ರೀಡಾಂಗಣಕ್ಕೆ ಕಾಲಿಡದಂತೆ ನಿಷೇಧ ಹೇರಿತು, ಓವೆನ್ಸ್ ಸೂಚಿಸಿದ ಸೇವಾಸಂಸ್ಥೆಗೆ ತಲಾ ಸಾವಿರ ಪೌಂಡ್ ಕಟ್ಟಿಸಿತು. ದೂರು ಕೊಟ್ಟದ್ದು ಬೈಸಿಕೊಂಡವರಲ್ಲ, ಟಿಕೆಟ್ ಕೊಂಡು ಆಟ ನೋಡಲು ಬಂದ ಸಾಮಾನ್ಯ ವ್ಯಕ್ತಿ ಎಂಬುದು ಇಲ್ಲಿ ಗಮನಿಸಬೇಕಾದ್ದು.

ವಿಶ್ವಕಪ್ ಫೈನಲ್ ಸಿಕ್ಕ ಬಗೆಯಲ್ಲೂ ಒಂದು ವ್ಯಂಗ್ಯವಿದೆ. ರೆಫ್ರಿ ತನ್ನ ದೇಶದ ಪಂದ್ಯ ನಡೆಸುವಂತಿಲ್ಲ. ವೇಲ್ಸ್ ಫೈನಲ್ ಮುಟ್ಟಿದರೆ ಓವೆನ್ಸ್ ಹೊರಗೆ. 2015ರ ಅಕ್ಟೋಬರ್ 17ರಂದು ವೇಲ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 23–19ರಲ್ಲಿ ಸೋತಿತು. ಊರಿಗೆ ಊರೇ ಮುಖ ಸಪ್ಪೆ ಮಾಡಿಕೊಂಡಾಗ ಆ ಊರಿನ ರೆಫ್ರಿಗೆ ಬಾಗಿಲು ತೆರೆಯಿತು. ಅಕ್ಟೋಬರ್ 31ರಂದು, ವರ್ಷದ ಹಿಂದೆ ಬೈಗುಳ ಕೇಳಿಬಂದಿದ್ದ ಅದೇ ಟ್ವಿಕೆನ್‌ಹ್ಯಾಮ್‌ನಲ್ಲಿ, ಎಂಬತ್ತು ಸಾವಿರ ಜನರೆದುರು ನ್ಯೂಜಿಲೆಂಡ್–ಆಸ್ಟ್ರೇಲಿಯಾ ಫೈನಲ್. ಎರಡನೇ ಅವಧಿಯಲ್ಲಿ ನ್ಯೂಜಿಲೆಂಡಿನ ಬೆನ್ ಸ್ಮಿತ್ ಎದುರಾಳಿಯ ಕಾಲೆತ್ತಿ ಕೆಡವಿದಾಗ ಓವೆನ್ಸ್ ಹಳದಿ ಕಾರ್ಡ್ ತೋರಿಸಿ ಹತ್ತು ನಿಮಿಷ ಹೊರಗೆ ಕೂರಿಸಿದರು. ಆ ಹತ್ತು ನಿಮಿಷದಲ್ಲಿ ಆಸ್ಟ್ರೇಲಿಯಾ ಪಂದ್ಯಕ್ಕೆ ಮರಳಿತು. ಕೊನೆಗೆ ಗೆದ್ದದ್ದು ನ್ಯೂಜಿಲೆಂಡೇ, 34–17. ಆ ವರ್ಷ ವಿಶ್ವದ ಶ್ರೇಷ್ಠ ರಗ್ಬಿ ರೆಫ್ರಿ ಪ್ರಶಸ್ತಿ, ಮರುವರ್ಷ ಬ್ರಿಟನ್ನಿನ ಎಂಬಿಇ ಗೌರವ. ತಾನು ಯಾರೆಂದು ಒಪ್ಪಿಕೊಳ್ಳುವ ಕಷ್ಟದ ಮುಂದೆ ಆ ಫೈನಲ್ಲಿನ ಒತ್ತಡ ಏನೂ ಅಲ್ಲ ಎಂದು ಅವರು ಆಮೇಲೆ ಎಷ್ಟೋ ಕಡೆ ಹೇಳಿದರು.

ಈ ಕತೆಯನ್ನು ಮುಂಬಯಿಯಲ್ಲಿ ಕೂತು ಓದುವಾಗ ಒಂದು ಮಾತು ನೆನಪಾಗದೇ ಇರದು. ಈ ದೇಶಕ್ಕೆ ರಗ್ಬಿ ತಂದವರೂ ಬ್ರಿಟಿಷರು, 1860ರ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮು ಬರೆದವರೂ ಬ್ರಿಟಿಷರು. ತಮ್ಮಲ್ಲಿ 1967ರಲ್ಲಿ ಕೈಬಿಟ್ಟದ್ದನ್ನು ಇಲ್ಲಿ ನಾವು ಜೋಪಾನವಾಗಿ ಇಟ್ಟುಕೊಂಡೆವು.

ಅದರ ವಿರುದ್ಧದ ಹೋರಾಟದ ಬಹುಪಾಲು ಚರಿತ್ರೆ ಈ ನಗರದ್ದೇ. ಪತ್ರಕರ್ತ ಅಶೋಕ್ ರಾವ್ ಕವಿ 1986ರಲ್ಲಿ ‘ಸ್ಯಾವಿ’ ಪತ್ರಿಕೆಯ ಸಂದರ್ಶನದಲ್ಲಿ ತಾವು ಗೇ ಎಂದು ಹೆಸರು ಹೇಳಿಕೊಂಡೇ ಸಾರಿದರು. ಓವೆನ್ಸ್‌ಗಿಂತ ಇಪ್ಪತ್ತೊಂದು ವರ್ಷ ಮೊದಲು, ಅದೂ ಕಾನೂನಿನ ಕತ್ತಿ ತಲೆಯ ಮೇಲಿದ್ದಾಗ. 1990ರಲ್ಲಿ ಅವರು ‘ಬಾಂಬೆ ದೋಸ್ತ್’ ಪತ್ರಿಕೆ ಆರಂಭಿಸಿದರು. 1994ರಲ್ಲಿ ಶುರುವಾದ ‘ಹಮ್‌ಸಫರ್ ಟ್ರಸ್ಟ್’ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನೆಲೆಯೂರಿತು. ಅದರ ಸ್ಥಾಪಕರಲ್ಲೊಬ್ಬರು ಮಂಡ್ಯದಲ್ಲಿ ಹುಟ್ಟಿದ ಶ್ರೀಧರ್ ರಂಗಾಯನ್. ಅವರ ‘ಗುಲಾಬಿ ಆಯಿನಾ’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. 2010ರಲ್ಲಿ ‘ಕಶಿಶ್’ ಚಿತ್ರೋತ್ಸವ ಕಟ್ಟಿದವರೂ ಅವರೇ. ಅವರ ‘ಈವನಿಂಗ್ ಶ್ಯಾಡೋಸ್’ ಚಿತ್ರದಲ್ಲಿ ಮುಂಬಯಿಯಿಂದ ಮನೆಗೆ ಬಂದ ಮಗ ತಾನು ಗೇ ಎಂದು ಅಮ್ಮನಿಗೆ ಹೇಳುತ್ತಾನೆ. ದಕ್ಷಿಣದ ಸಣ್ಣ ಊರಿನ ಆ ಅಮ್ಮನಿಗೂ ವೇಲ್ಸಿನ ಹಳ್ಳಿಯ ಆ ಅಮ್ಮನಿಗೂ ಕಷ್ಟ ಒಂದೇ: ಮಗನನ್ನು ಬಿಡಲಾಗದು, ಊರಿನ ಬಾಯಿ ಕಟ್ಟಲಾಗದು. ಕನ್ನಡದಲ್ಲಿ ಈ ಬದುಕನ್ನು ನೇರವಾಗಿ ಬರೆದ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ಬಿಡುಗಡೆಯನ್ನು ಹಿಂತೆಗೆದುಕೊಂಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರತೆಗೆಯಿತು. ಅರ್ಜಿದಾರರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಇದ್ದರು.

ಅದಾಗಿ ಎಂಟು ತಿಂಗಳಿಗೆ, 2019ರ ಮೇ ತಿಂಗಳಲ್ಲಿ, ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ತಮಗೆ ಸಂಗಾತಿಯಾಗಿರುವುದು ಹೆಣ್ಣು ಎಂದು ಬಹಿರಂಗವಾಗಿ ಹೇಳಿ, ಹಾಗೆ ಹೇಳಿಕೊಂಡ ಭಾರತದ ಮೊದಲ ಕ್ರೀಡಾಪಟುವಾದರು. ಅವರ ಸ್ವಂತ ಮನೆಯವರೇ ತಿರುಗಿ ಬಿದ್ದರು. ನ್ಯಾಯಾಲಯದ ತೀರ್ಪಿನಲ್ಲಿ ಸಿಕ್ಕಿದ್ದು ಜೈಲಿನ ಭಯದಿಂದ ಬಿಡುಗಡೆ. ಆಯ್ಕೆ ಸಮಿತಿಯ ಮುಂದೆ, ಡ್ರೆಸಿಂಗ್ ರೂಮಿನಲ್ಲಿ, ಮನೆಯ ಜಗುಲಿಯಲ್ಲಿ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಲೀಗು, ಫ್ರಾಂಚೈಸಿ, ಟಿವಿ ಹಕ್ಕು ಎಲ್ಲ ಬೇಗ ಬರುತ್ತವೆ. ಬೈದವನನ್ನು ಹುಡುಕಿ ಎರಡು ವರ್ಷ ಗೇಟಿನಾಚೆ ನಿಲ್ಲಿಸುವ ವ್ಯವಸ್ಥೆಗೆ ಯಾರೂ ಜಾಹೀರಾತು ಕೊಡುವುದಿಲ್ಲ.

ಓವೆನ್ಸ್ ನೂರನೇ ಟೆಸ್ಟ್ ನಡೆಸಿದ್ದು 2020ರ ನವೆಂಬರ್ 28ರಂದು ಪ್ಯಾರಿಸ್‌ನಲ್ಲಿ, ಫ್ರಾನ್ಸ್–ಇಟಲಿ ಪಂದ್ಯ. ಕೋವಿಡ್ ಕಾಲ, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮುಂದಿನ ತಿಂಗಳೇ ಅಂತರರಾಷ್ಟ್ರೀಯ ಕಣಕ್ಕೆ ವಿದಾಯ ಹೇಳಿದರು. ದಾಖಲೆ ಹೆಚ್ಚು ದಿನ ನಿಲ್ಲಲಿಲ್ಲ. ಇಂಗ್ಲೆಂಡಿನ ವೇಯ್ನ್ ಬಾರ್ನ್ಸ್ 111ಕ್ಕೆ ಒಯ್ದರು. ಓವೆನ್ಸ್ ಈಗ ಹುಟ್ಟೂರಿನ ಸಮೀಪದ ಪಾಂಟಿಬೆರೆಮ್‌ನಲ್ಲಿ ಕೆಂಪು ಮೈ, ಬಿಳಿ ಮುಖದ ಹೆರಿಫರ್ಡ್ ತಳಿಯ ದನ ಸಾಕುತ್ತಾರೆ.

ಮೈಕ್ ಮಾತ್ರ ಬಿಟ್ಟಿಲ್ಲ. ‘ವಿಷಲ್ ವಾಚ್’ ಎಂಬ ವರ್ಲ್ಡ್ ರಗ್ಬಿ ಸಂಸ್ಥೆಯ ವಿಡಿಯೊ ಸರಣಿಯಲ್ಲಿ ತೀರ್ಪುಗಳನ್ನು ಸಾಮಾನ್ಯ ಪ್ರೇಕ್ಷಕರಿಗೆ ಬಿಡಿಸಿ ಹೇಳುತ್ತಾರೆ. 2023ರ ಅಕ್ಟೋಬರ್ 28ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 12–11ರಲ್ಲಿ, ಒಂದೇ ಅಂಕದಿಂದ ಗೆದ್ದಿತಲ್ಲ, ಅದರಲ್ಲಿ ನ್ಯೂಜಿಲೆಂಡಿನ ಆರನ್ ಸ್ಮಿತ್ ಗಳಿಸಿದ ಟ್ರೈ ಅನ್ನು (ಎದುರಾಳಿಯ ಗೆರೆಯಾಚೆ ಚೆಂಡು ಊರಿ ಪಡೆಯುವ ಅಂಕ) ಟಿವಿ ರೆಫ್ರಿ ಹಿಂದಿನ ದೃಶ್ಯಗಳಲ್ಲಿ ಒಂದು ತಪ್ಪನ್ನು ಕೆದಕಿ ರದ್ದು ಮಾಡಿಸಿದ್ದರು. ಪಂದ್ಯ ನಡೆಸಿದವರು ಬಾರ್ನ್ಸ್, ಓವೆನ್ಸರ ಹಳೆಯ ಒಡನಾಡಿ. ಟ್ರೈಗೆ ಮುಂಚಿನ ಎರಡು ಹಂತಗಳ ಆಚೆಗೆ ಹೋಗಿ ಅಂಥ ತಪ್ಪನ್ನು ಹುಡುಕಲು ನಿಯಮದಲ್ಲಿ ಅವಕಾಶವಿರಲಿಲ್ಲ, ಇಲ್ಲಿ ಅದಕ್ಕಿಂತ ಹಿಂದೆ ಹೋಗಿದ್ದಾರೆ ಎಂದು ಓವೆನ್ಸ್ ಅದೇ ಸಂಸ್ಥೆಯ ಕಾರ್ಯಕ್ರಮದಲ್ಲಿ ಕೂತು ಹೇಳಿದರು. ಮೈದಾನದಲ್ಲಿ ತಪ್ಪು ನಡೆದದ್ದು ನಿಜ, ಆದರೆ ಅದನ್ನು ಹಾಗೆ ಹಿಡಿಯುವ ಅಧಿಕಾರ ಟಿವಿ ರೆಫ್ರಿಗೆ ಇರಲಿಲ್ಲ ಎಂಬುದು ಅವರ ವಾದ. ನ್ಯೂಜಿಲೆಂಡಿನ ಅಭಿಮಾನಿಗಳು ಇಂದಿಗೂ ಅದನ್ನೇ ಎತ್ತಿ ಜಗಳಕ್ಕೆ ಬರುತ್ತಾರೆ.